ಸಾಕಿದ ಕಪ್ಪೆಯ ಚರ್ಮ ಕೆಟ್ಟಾಗ ಏನು ಮಾಡಬೇಕು? ಕರಾವಳಿಯವರಿಗೆ ಹಂತ ಹಂತದ ಮಾರ್ಗದರ್ಶಿ

ಓದುಗರಿಂದ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಧಾಟಿಯವು. ನೀರಿನಲ್ಲೇ ಬದುಕುವ, ಹಲ್ಲಿಯಾಕಾರದ ಸಾಲಮಾಂಡರ್ ಜಾತಿಯ ಆಕ್ಸೊಲಾಟ್ಲ್‌ನ ಕಿವಿರಿಗೆ ಹತ್ತಿಯಂಥದ್ದು ಅಂಟಿಕೊಂಡಿದೆ. ಪ್ಯಾಕ್‌ಮ್ಯಾನ್ ಕಪ್ಪೆಯ ತೊಡೆ ಕೆಂಪಗಾಗಿದೆ. ಆಫ್ರಿಕಾದ ಉಗುರುಗಪ್ಪೆಯ ಬೆರಳುಗಳ ನಡುವೆ ಗುಳ್ಳೆ ಎದ್ದಿದೆ. ಕೊನೆಯ ಸಾಲು ಮಾತ್ರ ಎಲ್ಲರದ್ದೂ ಒಂದೇ: ಯಾವ ಮುಲಾಮು ಹಚ್ಚಲಿ?

ಯಾವುದನ್ನೂ ಹಚ್ಚಬೇಡಿ. ಮೊದಲು ನೀರು ನೋಡಿ, ಆಮೇಲೆ ಉಷ್ಣತೆ ನೋಡಿ, ಆಮೇಲೆ ಪ್ರಾಣಿಯನ್ನು ನೋಡಿ. ಮಂಗಳೂರು, ಉಡುಪಿಯ ಮನೆಗಳಲ್ಲಿ ಚರ್ಮರೋಗವೆಂದು ಕಾಣುವ ಬಹಳಷ್ಟು ತೊಂದರೆಗಳ ಮೂಲ ನೀರಿನಲ್ಲಿ ಅಥವಾ ಸೆಕೆಯಲ್ಲಿ ಇರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ರೋಗಾಣು ನಂತರ ಬಂದು ಸೇರಿಕೊಳ್ಳುತ್ತದೆ. ಉಳಿದ ಕೆಲವು ನಿಜಕ್ಕೂ ವಿಚಿತ್ರವಾದವು, ಅವುಗಳನ್ನು ಬೇಗ ಗುರುತಿಸದಿದ್ದರೆ ಟ್ಯಾಂಕಿನಲ್ಲಿರುವ ಎಲ್ಲವೂ ಹೋಗುತ್ತವೆ. ಈ ಎರಡನ್ನೂ ಬೇರೆಬೇರೆ ಮಾಡಿ ನೋಡುವುದು ಹೇಗೆ ಎಂಬುದಕ್ಕಾಗಿ ಈ ಲೇಖನ.

ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ಕಪ್ಪೆ, ಸಾಲಮಾಂಡರ್‌ಗಳಂಥ ಉಭಯವಾಸಿಗಳಿಗೆ ಚರ್ಮವೆಂದರೆ ಬರಿಯ ಹೊದಿಕೆಯಲ್ಲ. ಅವು ಚರ್ಮದ ಮೂಲಕ ಉಸಿರಾಡುತ್ತವೆ. ಕಪ್ಪೆಗಳು ಬಾಯಿಯಿಂದ ನೀರು ಕುಡಿಯುವುದೇ ಇಲ್ಲ, ಹೊಟ್ಟೆಯ ಕೆಳಭಾಗ ಮತ್ತು ತೊಡೆಯ ಒಳಬದಿಯ ತೆಳುವಾದ ಚರ್ಮದಿಂದ ಹೀರಿಕೊಳ್ಳುತ್ತವೆ. ಮೈಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣಗಳ ಪ್ರಮಾಣ ಕಾಯುವುದೂ ಚರ್ಮವೇ. ಆದ್ದರಿಂದ ಅದರ ಮೇಲೆ ಹಚ್ಚಿದ್ದು ನೇರವಾಗಿ ರಕ್ತಕ್ಕೆ ಇಳಿಯುತ್ತದೆ. ನೋವು ಮರೆಸುವ ಔಷಧಿ ಸೇರಿಸಿದ ಮುಲಾಮು ಕಪ್ಪೆಯನ್ನು ಕೊಲ್ಲಬಲ್ಲದು. ಆ ಗುಂಪಿಗೆ ಸೇರಿದ ಬೆನ್ಜೊಕೇನನ್ನು ಗುಣವಾಗದ ಕಪ್ಪೆಗಳಿಗೆ ದಯಾಮರಣ ಕೊಡುವುದಕ್ಕೇ ಬಳಸುತ್ತಾರೆ. ಮನೆಯಲ್ಲಿ ಗಾಯ ತೊಳೆಯುವ ಕ್ರಿಮಿನಾಶಕ ದ್ರವ, ಅರಿಶಿನದ ಲೇಪ, ತೆಂಗಿನೆಣ್ಣೆ, ಬೇವಿನೆಣ್ಣೆ ಯಾವುದೂ ಬೇಡ. ಎಣ್ಣೆ ಸವರಿದರೆ ಉಸಿರಾಡುವ ಜಾಗವನ್ನೇ ಮುಚ್ಚಿದಂತಾಗುತ್ತದೆ.

ಬೇಕಾಗುವ ಸಾಮಾನು

ಇವುಗಳನ್ನು ಕಾಯಿಲೆ ಬರುವ ಮೊದಲೇ ತೆಗೆದಿಟ್ಟುಕೊಳ್ಳಿ. ಮುಚ್ಚಳಕ್ಕೆ ತೂತು ಮಾಡಿದ ಎರಡು ಪ್ಲಾಸ್ಟಿಕ್ ಡಬ್ಬಿ, ಬಣ್ಣ ಮತ್ತು ಸುಗಂಧವಿಲ್ಲದ ಟಿಶ್ಯೂ ಕಾಗದ, ಪುಡಿ ಸವರಿರದ ಕೈಗವಸು, ಥರ್ಮಾಮೀಟರ್, ಪಿಎಚ್, ಅಮೋನಿಯಾ ಮತ್ತು ನೈಟ್ರೈಟ್ ಅಳೆಯುವ ದ್ರವರೂಪದ ಪರೀಕ್ಷಾ ಕಿಟ್, ಕ್ಲೋರಿನ್ ತೆಗೆಯುವ ಸೋಡಿಯಂ ಥಯೋಸಲ್ಫೇಟ್ ದ್ರಾವಣ, ಒಂದು ಭೂತಗನ್ನಡಿ. ಅಂಗಡಿಯಲ್ಲಿ ಸಿಗುವ ಪರೀಕ್ಷಾ ಪಟ್ಟಿಗಳು ಅಗ್ಗವೇನೋ ಹೌದು, ಆದರೆ ನಮ್ಮ ಊರಿನ ತೇವದ ಗಾಳಿಗೆ ಡಬ್ಬಿ ತೆರೆದ ಕೆಲವೇ ದಿನಗಳಲ್ಲಿ ಹಾಳಾಗುತ್ತವೆ. ಹಣ ಹಾಕುವುದಿದ್ದರೆ ದ್ರವದ ಕಿಟ್‌ಗೇ ಹಾಕಿ.

ಹಂತ 1: ಪ್ರಾಣಿಯನ್ನು ಬೇರೆ ಮಾಡಿ

ಅನುಮಾನ ಬಂದ ದಿನವೇ ಬೇರೆ ಮಾಡಬೇಕು. ಕೈಗವಸನ್ನು ಕ್ಲೋರಿನ್ ಇಲ್ಲದ ನೀರಿನಲ್ಲಿ ತೊಳೆದು, ಒದ್ದೆ ಇರುವಾಗಲೇ ಪ್ರಾಣಿಯನ್ನು ಎತ್ತಿ. ನೆಲದ ಕಪ್ಪೆಯಾದರೆ ಒದ್ದೆ ಟಿಶ್ಯೂ ಹಾಸಿದ ಡಬ್ಬಿ ಸಾಕು, ಕಾಗದವನ್ನು ದಿನಕ್ಕೊಮ್ಮೆ ಬದಲಿಸಿ. ಆಕ್ಸೊಲಾಟ್ಲ್ ಮತ್ತು ಉಗುರುಗಪ್ಪೆಗೆ ಬರಿಯ ನೀರಿನ ಡಬ್ಬಿ, ದಿನಕ್ಕೊಮ್ಮೆ ಪೂರ್ತಿ ಹೊಸ ನೀರು. ಹೊಸ ನೀರಿನ ಉಷ್ಣತೆ ಹಳೆಯದಕ್ಕೆ ಸಮನಾಗಿರಲಿ. ಡಬ್ಬಿಯನ್ನು ಕತ್ತಲೆಯ, ಗದ್ದಲವಿಲ್ಲದ ಮೂಲೆಯಲ್ಲಿಡಿ. ಸೊಳ್ಳೆಬತ್ತಿ ಅಥವಾ ಸೊಳ್ಳೆ ಓಡಿಸುವ ದ್ರವ ಉರಿಯುವ ಕೋಣೆ ಆಗದು.

ಇಲ್ಲಿ ಮಾಡುವ ತಪ್ಪು: ಪ್ರಾಣಿಯನ್ನು ಬೇರೆ ಮಾಡಿ ಬಲೆ, ಚಿಮುಟ, ಮಗ್ಗುಗಳನ್ನು ಎರಡಕ್ಕೂ ಬಳಸುವುದು. ಹಾಗೆ ಮಾಡಿದರೆ ಬೇರೆ ಮಾಡಿಯೂ ಪ್ರಯೋಜನವಿಲ್ಲ. ಆರೋಗ್ಯವಂತ ಪ್ರಾಣಿಗಳ ಕೆಲಸ ಮೊದಲು, ಕಾಯಿಲೆಯದ್ದು ಕೊನೆಗೆ. ಈ ಕ್ರಮ ತಪ್ಪಬಾರದು.

ಹಂತ 2: ಇದು ಕಾಯಿಲೆ ಹೌದೇ?

ಕಪ್ಪೆ ಆಗಾಗ ಪೊರೆ ಬಿಡುತ್ತದೆ. ಹತ್ತಿರದಿಂದ ನೋಡಿದವರಿಗೆ ಗೊತ್ತು: ಬೆನ್ನು ಗೂನು ಮಾಡಿ, ಆಕಳಿಸಿದ ಹಾಗೆ ಬಾಯಿ ತೆರೆದು ಮುಚ್ಚಿ, ಕಾಲುಗಳಿಂದ ಪಕ್ಕೆ ಉಜ್ಜಿಕೊಂಡು, ಕೊನೆಗೆ ಅಂಗಿ ಕಳಚುವವರಂತೆ ಆ ತೆಳುಪೊರೆಯನ್ನು ತಲೆಯ ಮೇಲಿಂದ ಎಳೆದು ನುಂಗಿಬಿಡುತ್ತದೆ. ಮೊದಲ ಸಲ ನೋಡಿದವರು ಮೂರ್ಛೆರೋಗವೆಂದು ಗಾಬರಿಯಾಗುತ್ತಾರೆ. ಇದು ಸಹಜ. ಐದು ಹತ್ತು ನಿಮಿಷದಲ್ಲಿ ಮುಗಿದು ಚರ್ಮ ಹೊಳೆಯುತ್ತಿದ್ದರೆ ಚಿಂತೆ ಬೇಡ. ಪೊರೆ ಚೂರುಚೂರಾಗಿ ಮೈಗೆ ಅಂಟಿಕೊಂಡೇ ಉಳಿದರೆ, ನೀರಿನಲ್ಲಿ ದಿನವೂ ತೇಲುತ್ತಿದ್ದರೆ, ಅದು ಲಕ್ಷಣ.

ಬಣ್ಣ ಬದಲಾಗುವುದೂ ಹೆಚ್ಚಿನ ಸಲ ಸಹಜವೇ. ಹಸಿರು ಮರಗಪ್ಪೆ ತಣ್ಣಗಾದಾಗ ಅಥವಾ ಹೆದರಿದಾಗ ಕಂದಾಗುತ್ತದೆ, ಮತ್ತೆ ಹಸಿರಾಗುತ್ತದೆ. ಹಳದಿ ವರ್ಣಕಣಗಳಿಲ್ಲದೆ ಹುಟ್ಟಿದ ಹಸಿರು ಕಪ್ಪೆ ನೀಲಿಯಾಗಿ ಕಾಣುತ್ತದೆ, ಅದೂ ರೋಗವಲ್ಲ. ದಿನವಿಡೀ ಮಾಸಲಾಗಿದ್ದು ಊಟವನ್ನೂ ಬಿಟ್ಟಿದ್ದರೆ ಮಾತ್ರ ಮುಂದಿನ ಹಂತಕ್ಕೆ ಹೋಗಿ.

ಮಬ್ಬು ಬೆಳಕು ಬೇಡ. ಹಗಲು ಬೆಳಕಿನಲ್ಲಿ ಬೆನ್ನು, ಹೊಟ್ಟೆ, ತೊಡೆಯ ಒಳಬದಿ, ಬೆರಳುಗಳ ನಡುವಿನ ಪೊರೆ, ಮೂತಿಯ ತುದಿ ಇವುಗಳ ಫೋಟೊ ತೆಗೆದು ದಿನಾಂಕ ಬರೆದಿಡಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಗಾತ್ರ ತಿಳಿಯುತ್ತದೆ. ವೈದ್ಯರಿಗೆ ನಿಮ್ಮ ವಿವರಣೆಗಿಂತ ಮೂರು ದಿನದ ಫೋಟೊಗಳು ಹೆಚ್ಚು ಹೇಳುತ್ತವೆ.

ಹಂತ 3: ನೀರು ಮತ್ತು ಸೆಕೆ

ಇದಕ್ಕೆ ಅರ್ಧ ಗಂಟೆ ಬೇಕು, ಆದರೆ ಇದನ್ನು ಹಾರಿಸಿ ಮುಂದೆ ಹೋದವರು ಮತ್ತೆ ಇಲ್ಲಿಗೇ ಬರಬೇಕಾಗುತ್ತದೆ.

ನಲ್ಲಿ ನೀರು. ಮಂಗಳೂರು ನಗರಕ್ಕೆ ತುಂಬೆಯಿಂದ ನೇತ್ರಾವತಿಯ ನೀರು, ಉಡುಪಿಗೆ ಬಜೆಯಿಂದ ಸ್ವರ್ಣಾ ನದಿಯ ನೀರು ಬರುತ್ತದೆ. ಎರಡಕ್ಕೂ ಕ್ಲೋರಿನ್ ಹಾಕಿರುತ್ತಾರೆ. ನಮಗೆ ಕುಡಿಯಲು ಕ್ಷೇಮವಾದ ಪ್ರಮಾಣವೂ ಕಪ್ಪೆಯ ಚರ್ಮವನ್ನು, ಕಿವಿರನ್ನು ಸುಡುತ್ತದೆ. ತೆರೆದ ಬಕೆಟ್‌ನಲ್ಲಿ ಗಾಳಿಗುಳ್ಳೆ ಬಿಡುತ್ತ 24 ಗಂಟೆ ಇಟ್ಟರೆ ಕ್ಲೋರಿನ್ ಹೋಗುತ್ತದೆ, ಅವಸರವಿದ್ದರೆ ಥಯೋಸಲ್ಫೇಟ್ ಹಾಕಿ. ನೀರನ್ನು ಹಂಡೆಯಲ್ಲಿ ಇಡುವುದಾದರೆ ಪ್ಲಾಸ್ಟಿಕ್ ಅಥವಾ ಸ್ಟೀಲಿನದ್ದು ಆಗಬಹುದು, ಬಚ್ಚಲಿನ ತಾಮ್ರದ ಹಂಡೆ ಆಗದು. ಕರಗಿದ ತಾಮ್ರ ಉಭಯವಾಸಿಗಳಿಗೆ ವಿಷ. ಇದೇ ಕಾರಣಕ್ಕೆ ಅಡಿಕೆ ತೋಟದಿಂದ ತರಗೆಲೆ, ಪಾಚಿ, ಮಣ್ಣು ತಂದು ಟ್ಯಾಂಕಿಗೆ ಹಾಕಬೇಡಿ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು ಇರುತ್ತದೆ, ಅಂದರೆ ತಾಮ್ರದ ಸಲ್ಫೇಟ್. ವರ್ಷಗಟ್ಟಲೆ ಸಿಂಪಡಿಸಿದ ತೋಟದ ಮಣ್ಣಿನಲ್ಲಿ ಅದು ಕೂಡಿಕೊಂಡಿರುತ್ತದೆ.

ಬಾವಿ ನೀರು. ಬಾವಿ ನೀರಿಗೆ ಕ್ಲೋರಿನ್ ಇಲ್ಲ, ಹಾಗಾಗಿ ಒಳ್ಳೆಯದು ಎಂದು ಎಲ್ಲರೂ ತಿಳಿಯುತ್ತಾರೆ. ಆದರೆ ಮುರಕಲ್ಲಿನ ನೆಲದ ಬಾವಿಗಳ ನೀರು ಸಾಮಾನ್ಯವಾಗಿ ಮೆದು ಮತ್ತು ತುಸು ಹುಳಿ, ಪಿಎಚ್ 7ಕ್ಕಿಂತ ಕೆಳಗೆ. ಪಿಎಚ್ ಎಂದರೆ ನೀರಿನ ಹುಳಿತನದ ಅಳತೆ. 7 ಸಮ, ಕೆಳಗಿಳಿದಷ್ಟೂ ಹುಳಿ ಹೆಚ್ಚು. ನೀರು ತೀರಾ ಹುಳಿಯಾದರೆ ಫಿಲ್ಟರಿನಲ್ಲಿ ಅಮೋನಿಯಾವನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳು ಕೆಲಸ ನಿಲ್ಲಿಸುತ್ತವೆ. ಪ್ರಾಣಿಯ ಮಲಮೂತ್ರದ ಅಮೋನಿಯಾ ಸಂಗ್ರಹವಾಗುತ್ತ ಹೋಗುತ್ತದೆ, ಆದರೆ ಹುಳಿ ನೀರಿನಲ್ಲಿ ಅದು ಕಡಿಮೆ ವಿಷಕಾರಿ ರೂಪದಲ್ಲಿ ಇರುವುದರಿಂದ ತಕ್ಷಣ ಏನೂ ಕಾಣುವುದಿಲ್ಲ. ಒಂದು ದಿನ ನೀವು ಒಳ್ಳೆಯದಾಗಲಿ ಎಂದು ಅರ್ಧ ಟ್ಯಾಂಕ್ ನೀರು ತೆಗೆದು ಪಿಎಚ್ ಹೆಚ್ಚಿರುವ ನಲ್ಲಿ ನೀರು ಸುರಿಯುತ್ತೀರಿ. ಪಿಎಚ್ ಏರಿದೊಡನೆ ಅಡಗಿದ್ದ ಅಮೋನಿಯಾ ವಿಷಕಾರಿ ರೂಪಕ್ಕೆ ತಿರುಗುತ್ತದೆ. ಸಂಜೆಯೊಳಗೆ ಚರ್ಮ ಕೆಂಪು, ಲೋಳೆ ವಿಪರೀತ, ಕಿವಿರು ಸುರುಟಿ ಹೋಗಿರುತ್ತದೆ. "ನೀರು ಬದಲಿಸಿದ ಮೇಲೇ ಕಾಯಿಲೆ ಬಂತು" ಎಂದು ಬರೆಯುವವರಲ್ಲಿ ಹಲವರ ಕಥೆ ಇದೇ.

ಪರಿಹಾರ ಹೀಗೆ: ಅಮೋನಿಯಾ ಮತ್ತು ನೈಟ್ರೈಟ್ (ಫಿಲ್ಟರಿನ ಬ್ಯಾಕ್ಟೀರಿಯಾಗಳು ಅಮೋನಿಯಾದಿಂದ ಮಾಡುವ ಪದಾರ್ಥ, ಇದೂ ವಿಷವೇ) ಎರಡೂ ಸೊನ್ನೆ ಇರಬೇಕು. ಇಲ್ಲದಿದ್ದರೆ ಒಂದೇ ಸಲಕ್ಕೆ ಅಲ್ಲ, ದಿನಕ್ಕೆ ಹತ್ತರಿಂದ ಇಪ್ಪತ್ತು ಶೇಕಡಾದಷ್ಟು ನೀರನ್ನು ಅದೇ ಪಿಎಚ್‌ನ ನೀರಿನಿಂದ ಬದಲಿಸಿ. ಪ್ರಾಣಿ ಈಗಾಗಲೇ ನರಳುತ್ತಿದ್ದರೆ ಅದನ್ನು ಹೊರಗಿನ ಡಬ್ಬಿಗೆ ಸಾಗಿಸಿ, ಟ್ಯಾಂಕನ್ನು ಆಮೇಲೆ ನಿಧಾನವಾಗಿ ಸರಿಮಾಡಿ. ಆಕ್ಸೊಲಾಟ್ಲ್‌ಗೆ ಗಡಸು ನೀರು ಒಗ್ಗುತ್ತದೆ. ಮರುವಾಯಿ ಚಿಪ್ಪನ್ನು ಉಪ್ಪು ಹೋಗುವಷ್ಟು ತೊಳೆದು, ಕುದಿಸಿ, ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನೊಳಗೆ ಇಟ್ಟರೆ ಸುಣ್ಣದ ಅಂಶ ಸ್ವಲ್ಪಸ್ವಲ್ಪವಾಗಿ ಸೇರಿ ಪಿಎಚ್ ಸ್ಥಿರವಾಗುತ್ತದೆ. ಚಿಪ್ಪನ್ನು ಟ್ಯಾಂಕಿನ ತಳಕ್ಕೆ ಹಾಕಬೇಡಿ, ಆಕ್ಸೊಲಾಟ್ಲ್ ನುಂಗುತ್ತದೆ. ಅಳಿವೆಯ ಹತ್ತಿರದ ಬಾವಿಗಳಲ್ಲಿ ಬೇಸಿಗೆಯ ಕೊನೆಗೆ ನೀರು ಉಪ್ಪಾಗುವುದುಂಟು. ಬಾಯಿಗೆ ಉಪ್ಪೆನಿಸಿದರೆ ಆ ನೀರು ಬೇಡ.

ತೆಂಗಿನ ನಾರಿನ ಪುಡಿ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ, ಕಪ್ಪೆಗೆ ಒಳ್ಳೆಯ ಹಾಸೂ ಹೌದು. ಆದರೆ ಉಪ್ಪುನೀರಿನಲ್ಲಿ ಕೊಳೆಸಿದ ನಾರಿನಲ್ಲಿ ಉಪ್ಪು ಉಳಿದಿರುತ್ತದೆ. ಕಪ್ಪೆಯ ಹೊಟ್ಟೆಯ ಚರ್ಮ ಒರಟಾಗಿ ಕೆಂಪಾಗಲು ಇದೂ ಕಾರಣವಾಗಬಹುದು. ಮೂರು ನಾಲ್ಕು ಸಲ ನೀರಿನಲ್ಲಿ ನೆನೆಸಿ ಹಿಂಡಿ ಬಳಸಿ.

ಉಷ್ಣತೆ. ಆಕ್ಸೊಲಾಟ್ಲ್‌ಗೆ 16ರಿಂದ 18 ಡಿಗ್ರಿ ಸೆಲ್ಸಿಯಸ್ ಹಿತ, 24 ದಾಟಿದರೆ ಕಷ್ಟ. ಉಗುರುಗಪ್ಪೆಗೆ 18ರಿಂದ 22. ಪ್ಯಾಕ್‌ಮ್ಯಾನ್ ಕಪ್ಪೆಗೆ 24ರಿಂದ 28. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕೋಣೆಗಳು 32 ಮುಟ್ಟುವುದು ಮಾಮೂಲು. ಚಿಲ್ಲರ್, ಅಂದರೆ ನೀರು ತಣಿಸುವ ಯಂತ್ರ, ಇಲ್ಲದೆ ಕರಾವಳಿಯಲ್ಲಿ ಆಕ್ಸೊಲಾಟ್ಲ್ ಸಾಕಬಾರದು ಎಂದೇ ನಾನು ಹೇಳುತ್ತೇನೆ. ಐಸ್ ತುಂಬಿದ ಬಾಟಲಿ ತೇಲಿಬಿಟ್ಟರೆ ನೀರು ಗಂಟೆಗೊಂದು ಉಷ್ಣತೆಗೆ ಏರಿಳಿಯುತ್ತದೆ, ಆ ಏರಿಳಿತವೇ ಪ್ರಾಣಿಯನ್ನು ಬಳಲಿಸುತ್ತದೆ. ಇದಕ್ಕೆ ವಿರುದ್ಧವಾದ ತಪ್ಪು, ತಣ್ಣನೆಯ ದೇಶದವರ ಸಲಹೆ ಓದಿ ಪ್ಯಾಕ್‌ಮ್ಯಾನ್ ಕಪ್ಪೆಯ ಡಬ್ಬಿಯ ಅಡಿಗೆ ಬಿಸಿ ಚಾಪೆ ಇಡುವುದು. ನಮ್ಮಲ್ಲಿ ಅದರ ಅಗತ್ಯವಿಲ್ಲ. ಮಣ್ಣಿನಲ್ಲಿ ಹೂತು ಕೂರುವ ಈ ಕಪ್ಪೆಗೆ ಹೊಟ್ಟೆ ಸುಡುತ್ತದೆ.

ಹಂತ 4: ಲಕ್ಷಣ ನೋಡಿ ಗುರುತಿಸುವುದು

ಕಣ್ಣಿನಿಂದ ನೋಡಿ ರೋಗ ಖಚಿತಪಡಿಸಲಾಗದು. ಆದರೆ ಎಷ್ಟು ಅವಸರ, ಯಾರಿಗೆ ತೋರಿಸಬೇಕು ಎಂದು ನಿರ್ಧರಿಸಬಹುದು.

ಹತ್ತಿಯಂಥ ಬಿಳಿ ಎಳೆಗಳು. ನೀರಿನ ಬೂಷ್ಟು, ಸ್ಯಾಪ್ರೊಲೆಗ್ನಿಯಾ ಗುಂಪಿನದ್ದು. ನೀರಿನಿಂದ ಹೊರತೆಗೆದರೆ ಮೈಗೆ ಅಂಟಿ ಕಾಣದಂತಾಗುತ್ತದೆ, ಆದ್ದರಿಂದ ನೀರಿನೊಳಗೇ ನೋಡಿ. ಇದು ಸಾಮಾನ್ಯವಾಗಿ ಗಾಯದ ಮೇಲೆ ಅಥವಾ ಬಳಲಿದ ಪ್ರಾಣಿಯ ಮೇಲೆ ಬೆಳೆಯುತ್ತದೆ. ಬೂಷ್ಟು ತೆಗೆದು ಕಾರಣ ಉಳಿಸಿದರೆ ಮರಳಿ ಬರುತ್ತದೆ.

ತೊಡೆ, ಹೊಟ್ಟೆಯಲ್ಲಿ ಕೆಂಪು. ಇದನ್ನು ಕೆಂಪುಕಾಲು ರೋಗ ಎನ್ನುತ್ತಾರೆ, ಆದರೆ ಅದು ಒಂದು ರೋಗದ ಹೆಸರಲ್ಲ, ಚರ್ಮದಡಿಯ ಸೂಕ್ಷ್ಮ ರಕ್ತನಾಳಗಳು ಹಿಗ್ಗಿರುವ ಅಥವಾ ಒಡೆದಿರುವ ಗುರುತು. ಏರೊಮೊನಾಸ್‌ನಂಥ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದಾಗ ಹೀಗಾಗುತ್ತದೆ. ರಾನಾವೈರಸ್‌ನಿಂದಲೂ, ಕೈಟ್ರಿಡ್ ಶಿಲೀಂಧ್ರದಿಂದಲೂ, ಅಮೋನಿಯಾ ಸುಟ್ಟಾಗಲೂ ಇದೇ ಕೆಂಪು. ಕೆಂಪಿನ ಜತೆ ಮಂಕು, ಊಟ ಬಿಡುವುದು, ಸೂಜಿ ಚುಚ್ಚಿದಂಥ ರಕ್ತದ ಚುಕ್ಕೆ ಇದ್ದರೆ ಅದೇ ದಿನ ವೈದ್ಯರ ಬಳಿಗೆ ಹೋಗಿ. ಒಂದೇ ಟ್ಯಾಂಕಿನಲ್ಲಿ ಎರಡು ಮೂರು ಒಟ್ಟಿಗೆ ಸತ್ತಿದ್ದರೆ ರಾನಾವೈರಸ್ ಪರೀಕ್ಷೆಯನ್ನೂ ಕೇಳಿ.

ಪೊರೆ ಬಿಡುವುದು ಮುಗಿಯುವುದೇ ಇಲ್ಲ. ಎಲ್ಲಕ್ಕಿಂತ ಹೆಚ್ಚು ಭಯ ಇದರದ್ದು. ಕೈಟ್ರಿಡ್ ಶಿಲೀಂಧ್ರ, ಪೂರ್ಣ ಹೆಸರು ಬ್ಯಾಟ್ರಕೊಕೈಟ್ರಿಯಂ ಡೆಂಡ್ರೊಬ್ಯಾಟಿಡಿಸ್, 1999ರಲ್ಲಿ ವಿಜ್ಞಾನಿಗಳು ವಿವರಿಸಿದ್ದು. 2019ರಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನಂತೆ ಕೈಟ್ರಿಡ್ ರೋಗದಿಂದ ಕನಿಷ್ಠ 501 ಉಭಯವಾಸಿ ಪ್ರಭೇದಗಳು ಕುಗ್ಗಿವೆ, ಅವುಗಳಲ್ಲಿ 90 ಅಳಿದುಹೋಗಿವೆ ಎಂದು ಭಾವಿಸಲಾಗಿದೆ. ಇದು ಚರ್ಮದ ಹೊರಪದರದಲ್ಲಿ ಕೆರಾಟಿನ್ ಎಂಬ ಗಟ್ಟಿ ಪ್ರೊಟೀನ್ ಇರುವ ಜೀವಕೋಶಗಳಲ್ಲಿ ಬೆಳೆಯುತ್ತದೆ. ಚರ್ಮ ದಪ್ಪಗಟ್ಟಿ ಲವಣಗಳನ್ನು ಹಿಡಿದಿಡಲಾರದೆ, ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಇಳಿದು, ಹೃದಯ ನಿಲ್ಲುತ್ತದೆ. ಕಪ್ಪೆ ಕಾಲುಗಳನ್ನು ಅಗಲಿಸಿ ಕೂರುತ್ತದೆ, ಅಂಗಾತ ಮಗುಚಿದರೆ ಮರಳಿ ತಿರುಗಲು ತಡಮಾಡುತ್ತದೆ, ಹೊಟ್ಟೆ ಕೆಂಪಾಗುತ್ತದೆ, ಹಗಲಲ್ಲಿ ಅವಿತುಕೊಳ್ಳದೆ ಬಯಲಲ್ಲೇ ಇರುತ್ತದೆ. ಗೊದಮೊಟ್ಟೆಗಳಲ್ಲಿ ಬಾಯಿಯ ಸುತ್ತ ಮಾತ್ರ ಕೆರಾಟಿನ್ ಇರುವುದರಿಂದ ಅವು ಆರಾಮವಾಗಿರುತ್ತವೆ, ಕಾಲು ಮೂಡಿ ಕಪ್ಪೆಯಾದ ಮೇಲೆ ಸಾಲುಸಾಲಾಗಿ ಸಾಯುತ್ತವೆ.

ಕರಾವಳಿಯ ಸೆಕೆಯಲ್ಲಿ ಇದು ಬಾರದು ಎಂಬ ಮಾತು ಪೂರ್ತಿ ಸುಳ್ಳಲ್ಲ. ಈ ಶಿಲೀಂಧ್ರಕ್ಕೆ 17ರಿಂದ 25 ಡಿಗ್ರಿ ಹಿತ, 28ರ ಮೇಲೆ ಬೆಳವಣಿಗೆ ನಿಲ್ಲುತ್ತದೆ. ಆದರೆ ಚಿಲ್ಲರ್ ಹಾಕಿದ ಟ್ಯಾಂಕು, ಎಸಿ ಕೋಣೆ, ಮಳೆಗಾಲದ ತಂಪು ರಾತ್ರಿಗಳು ಅದಕ್ಕೆ ಬೇಕಾದ ಉಷ್ಣತೆಯನ್ನೇ ಒದಗಿಸುತ್ತವೆ. ಉಗುರುಗಪ್ಪೆ ಯಾವ ಲಕ್ಷಣವನ್ನೂ ತೋರದೆ ಇದನ್ನು ಹೊತ್ತಿರಬಲ್ಲದು. ಹಾಗಾಗಿ ಉಗುರುಗಪ್ಪೆಯನ್ನು ಬೇರೆ ಉಭಯವಾಸಿಗಳ ಜತೆ ಒಂದೇ ಟ್ಯಾಂಕಿನಲ್ಲಿ, ಒಂದೇ ಫಿಲ್ಟರಿನಲ್ಲಿ ಇಡಲೇಬಾರದು.

ಬೆರಳ ಪೊರೆಯಲ್ಲಿ ಗಾಳಿಗುಳ್ಳೆ. ಉಗುರುಗಪ್ಪೆಯಲ್ಲಿ ಕಾಣುವ ವಿಚಿತ್ರ ತೊಂದರೆ. ಹಿಂಗಾಲನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಪೊರೆಯೊಳಗೆ ಸಾಸಿವೆಗಿಂತ ಚಿಕ್ಕ, ದುಂಡಗಿನ, ಪಾರದರ್ಶಕ ಗುಳ್ಳೆಗಳು, ಅವುಗಳ ನಡುವೆ ಕೆಂಪು ರಕ್ತನಾಳ. ಇದು ಸೋಂಕಲ್ಲ. ನೀರಿನಲ್ಲಿ ಅನಿಲ ಅತಿಯಾಗಿ ಕರಗಿದ್ದು, ಅದು ಪ್ರಾಣಿಯ ಮೈಯೊಳಗೆ ಗುಳ್ಳೆಯಾಗಿ ಹೊರಬರುತ್ತದೆ. ಕಾರಣ ಎರಡು. ಪಂಪಿನ ಪೈಪಿನಲ್ಲಿ ಸಣ್ಣ ಬಿರುಕಿದ್ದು ಗಾಳಿ ಎಳೆದುಕೊಂಡು ಒತ್ತಡದಲ್ಲಿ ನೀರಿಗೆ ಬೆರೆಸುವುದು ಒಂದು. ಬೋರ್‌ವೆಲ್‌ನ ತಣ್ಣನೆಯ ನೀರನ್ನು ಪೈಪಿನಿಂದ ನೇರವಾಗಿ ಬೆಚ್ಚಗಿನ ಟ್ಯಾಂಕಿಗೆ ಬಿಡುವುದು ಇನ್ನೊಂದು. ಪೈಪಿನ ಜೋಡಣೆಗಳನ್ನು ಸರಿಪಡಿಸಿ, ಹೊಸ ನೀರನ್ನು ಒಂದು ದಿನ ಅಗಲ ಬಾಯಿಯ ಬಕೆಟ್‌ನಲ್ಲಿ ಕಲಕಿ ಇಟ್ಟು ಬಳಸಿ. ಗುಳ್ಳೆಯನ್ನು ಸೂಜಿಯಿಂದ ಚುಚ್ಚಬೇಡಿ. ಚುಚ್ಚಿದ ಜಾಗದಲ್ಲಿ ಏರೊಮೊನಾಸ್ ಸೇರುತ್ತದೆ, ಆಗ ಅದು ನಿಜವಾದ ಕಾಯಿಲೆ.

ಬೆನ್ನಿನ ಚರ್ಮ ಬೂದುಬಣ್ಣಕ್ಕೆ ತಿರುಗಿ ಒರಟಾಗುವುದು. ಇದೂ ಉಗುರುಗಪ್ಪೆಗೇ ಹೆಚ್ಚು. ಸ್ಯೂಡೊಕ್ಯಾಪಿಲರಾಯ್ಡಿಸ್ ಕ್ಸೆನೊಪಿ ಎಂಬ ದಾರದಂಥ ಹುಳು ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆದು ಅಲ್ಲೇ ಮೊಟ್ಟೆ ಇಡುತ್ತದೆ. ಕಪ್ಪೆ ತೆಳ್ಳಗಾಗುತ್ತದೆ, ಚರ್ಮ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಉದುರಿದ ಚಕ್ಕೆಯನ್ನು ಹನಿ ನೀರಿನ ಜತೆ ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹುಳು ಅಥವಾ ಮೊಟ್ಟೆ ಸಿಗುತ್ತದೆ. ಚಕ್ಕೆಗಳನ್ನು ತಪ್ಪದೆ ಸಂಗ್ರಹಿಸಿ, ಚಿಕ್ಕ ಸೀಸೆಯಲ್ಲಿ ಟ್ಯಾಂಕಿನ ನೀರಿನ ಜತೆಗೇ ವೈದ್ಯರಿಗೆ ಒಯ್ಯಿರಿ. ಇದಕ್ಕೆ ಜಂತುಹುಳು ನಾಶಕ ಔಷಧಿ ಇದೆ, ಪ್ರಮಾಣವನ್ನು ತೂಕ ನೋಡಿ ವೈದ್ಯರೇ ನಿರ್ಧರಿಸಬೇಕು.

ಗಟ್ಟಿ ಗಂಟು, ಮಾಯದ ಹುಣ್ಣು. ವಾರಗಟ್ಟಲೆ ನಿಧಾನವಾಗಿ ಬೆಳೆಯುವ ಬಿಳಿ ಅಥವಾ ಬೂದು ಗಂಟುಗಳಿಗೆ ಮೈಕೊಬ್ಯಾಕ್ಟೀರಿಯಾ ಕಾರಣವಾಗಿರಬಹುದು. ಇದು ಕ್ಷಯದ ರೋಗಾಣುವಿನ ಬಂಧುವರ್ಗ, ನೀರಿನಲ್ಲಿ ಬದುಕುತ್ತದೆ, ಮನುಷ್ಯನ ಕೈಯ ಗಾಯದೊಳಗೂ ಸೇರುತ್ತದೆ. ಕೈಯಲ್ಲಿ ಗೀರು ಇದ್ದವರು ಕೈಗವಸಿಲ್ಲದೆ ಟ್ಯಾಂಕಿಗೆ ಕೈ ಹಾಕಬೇಡಿ. ಟ್ಯಾಂಕ್ ಮುಟ್ಟುವ ಕೈಯಲ್ಲಿ ಗುಣವಾಗದ ಗಂಟು ಎದ್ದರೆ ಚರ್ಮವೈದ್ಯರಿಗೆ ನಿಮ್ಮ ಸಾಕಣೆಯ ವಿಷಯವನ್ನು ತಪ್ಪದೆ ಹೇಳಿ, ಅವರು ಕೇಳಲಿಕ್ಕಿಲ್ಲ. ಪ್ರಾಣಿಗೆ ಸಾಮಾನ್ಯವಾಗಿ ಚಿಕಿತ್ಸೆ ಕೊಡುವುದಿಲ್ಲ, ದಯಾಮರಣವೇ ಸಲಹೆ. ಒಪ್ಪಿಕೊಳ್ಳುವುದು ಕಷ್ಟ, ಆದರೆ ಉಳಿದ ಪ್ರಾಣಿಗಳೂ ಮನೆಯವರೂ ಇದ್ದಾರೆ.

ಮೂತಿಯ ತುದಿ ಸವೆದರೆ ಅದು ಗಾಜಿಗೆ ಗುದ್ದಿಕೊಂಡದ್ದು, ಟ್ಯಾಂಕಿನ ಮೂರು ಬದಿಗೆ ಹೊರಗಿನಿಂದ ಕಾಗದ ಅಂಟಿಸಿ. ಹುಳ ಹಿಡಿಯುವಾಗ ನಾಲಗೆ ಗುರಿ ತಪ್ಪುತ್ತಿದ್ದು, ಕಣ್ಣಿನ ರೆಪ್ಪೆ ಊದಿ, ಚರ್ಮದ ಸೋಂಕು ಮತ್ತೆಮತ್ತೆ ಬರುತ್ತಿದ್ದರೆ ಎ ಜೀವಸತ್ವದ ಕೊರತೆ ಇರಬಹುದು. ಬರಿಯ ಜೀರುಂಡೆ ಅಥವಾ ಬರಿಯ ಹಿಟ್ಟಿನ ಹುಳು ತಿನ್ನಿಸುವವರ ಪ್ರಾಣಿಗಳಲ್ಲಿ ಇದನ್ನು ಮೊದಲು ಅನುಮಾನಿಸಿ.

ಹಂತ 5: ಮಾದರಿ ಮತ್ತು ವೈದ್ಯರು

ಹೋಗುವ ಮೊದಲು ಫೋನ್ ಮಾಡಿ "ಕಪ್ಪೆ ನೋಡುತ್ತೀರಾ" ಎಂದು ಕೇಳಿ. ನಾಯಿ, ದನ ನೋಡುವ ಪಶುವೈದ್ಯರೂ ಪರದೇಶಿ ಪ್ರಾಣಿಗಳನ್ನು ನೋಡುವ ತಜ್ಞರೊಡನೆ ಮಾತಾಡಿ ಚಿಕಿತ್ಸೆ ಕೊಡಬಲ್ಲರು, ನೀವು ಒಯ್ಯುವ ಮಾಹಿತಿ ಸರಿಯಾಗಿರಬೇಕು ಅಷ್ಟೆ. ನೀರಿನ ಅಳತೆಗಳು, ಫೋಟೊಗಳು, ಪ್ರಾಣಿಯ ತೂಕ, ಒಂದು ಸೀಸೆ ಟ್ಯಾಂಕ್ ನೀರು ಜತೆಗಿರಲಿ.

ಕೈಟ್ರಿಡ್ ಪತ್ತೆಗೆ ಸ್ವ್ಯಾಬ್, ಅಂದರೆ ಕ್ರಿಮಿಶುದ್ಧ ಹತ್ತಿಕಡ್ಡಿಯಿಂದ ಒರೆಸಿ ತೆಗೆದ ಮಾದರಿ, ಬೇಕು. ಹೊಸ ಕೈಗವಸು ಹಾಕಿ, ಹೊಟ್ಟೆಯ ಮೇಲೆ, ಎರಡೂ ತೊಡೆಯ ಒಳಬದಿಯಲ್ಲಿ, ಹಿಂಗಾಲಿನ ಬೆರಳ ಪೊರೆಗಳಲ್ಲಿ ಕಡ್ಡಿಯನ್ನು ಹೊರಳಿಸುತ್ತ ಐದೈದು ಸಲ ಒರೆಸಬೇಕು. ರಕ್ತ ಬರುವಷ್ಟು ಒತ್ತಬೇಡಿ. ಔಷಧಿ ಶುರುಮಾಡುವ ಮೊದಲೇ ಮಾದರಿ ತೆಗೆಯಬೇಕು. ಎರಡು ದಿನ ಏನೇನೋ ಹಾಕಿ ನೋಡಿ ಆಮೇಲೆ ಪರೀಕ್ಷೆಗೆ ಕೊಟ್ಟರೆ ಫಲಿತಾಂಶವನ್ನು ನಂಬಲಾಗದು.

ಹಂತ 6: ಚಿಕಿತ್ಸೆಯ ಹೊತ್ತಿನಲ್ಲಿ ನಿಮ್ಮ ಕೆಲಸ

ಕೈಟ್ರಿಡ್‌ಗೆ ಬಹುಕಾಲದಿಂದ ಬಳಕೆಯಲ್ಲಿರುವುದು ಇಟ್ರಕೊನಜೋಲ್ ಎಂಬ ಶಿಲೀಂಧ್ರನಾಶಕದ ಸ್ನಾನ. ಶೇಕಡಾ 0.01ರ ದ್ರಾವಣದಲ್ಲಿ ದಿನಕ್ಕೆ ಐದು ನಿಮಿಷದಂತೆ 11 ದಿನ ಎಂಬುದು ಹಳೆಯ ಕ್ರಮ. ಈಗ ಅದಕ್ಕಿಂತ ತೆಳುವಾದ ದ್ರಾವಣವನ್ನೂ ಬಳಸುತ್ತಾರೆ. ಗೊದಮೊಟ್ಟೆ ಮತ್ತು ಮರಿಗಪ್ಪೆಗಳಿಗೆ ಈ ಔಷಧಿಯೇ ಅಪಾಯ. ಆದ್ದರಿಂದ ಈ ಅಂಕಿಯನ್ನು ವೈದ್ಯರೊಡನೆ ಮಾತಾಡಲು ಇಟ್ಟುಕೊಳ್ಳಿ, ಮನುಷ್ಯರ ಕ್ಯಾಪ್ಸೂಲ್ ಒಡೆದು ಮನೆಯಲ್ಲಿ ಬೆರೆಸಬೇಡಿ. ಪ್ರತಿ ಸ್ನಾನದ ನಂತರ ಹೊಸ ಡಬ್ಬಿಗೇ ಹಾಕಬೇಕು. ಹಳೆಯದಕ್ಕೆ ಮರಳಿಸಿದರೆ ಮರಳಿ ಸೋಂಕು.

ಆಕ್ಸೊಲಾಟ್ಲ್‌ನ ಕಿವಿರಿನ ಬೂಷ್ಟಿಗೆ ಮಾತ್ರ ಉಪ್ಪಿನ ಸ್ನಾನ ಮನೆಯಲ್ಲೇ ಮಾಡಬಹುದು. ಬೇರೇನೂ ಬೆರೆಸದ ಶುದ್ಧ ಉಪ್ಪು, ಲೀಟರಿಗೆ 10 ಗ್ರಾಂ, ಟ್ಯಾಂಕಿನದೇ ಉಷ್ಣತೆಯ ನೀರು, ಹತ್ತು ನಿಮಿಷ, ಗಡಿಯಾರ ನೋಡಿಕೊಂಡೇ. ಪಕ್ಕದಲ್ಲಿ ಕೂತಿರಿ. ಒದ್ದಾಡಿದರೆ ಆ ಕ್ಷಣ ತೆಗೆಯಿರಿ. ಮೂರು ದಿನದಲ್ಲಿ ಕಡಿಮೆಯಾಗದಿದ್ದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ನೆಲದ ಕಪ್ಪೆಗಳಿಗೆ ಈ ಸ್ನಾನ ಬೇಡ. ಟ್ಯಾಂಕಿಗೆ ಉಪ್ಪು ಸುರಿಯುವುದೂ ಬೇಡ.

ಚರ್ಮ ಬಹಳ ಕೆಟ್ಟಿದ್ದರೆ ವೈದ್ಯರು ರಿಂಗರ್ ದ್ರಾವಣದಲ್ಲಿ ಇಡಲು ಹೇಳಬಹುದು. ಅದು ಪ್ರಾಣಿಯ ಮೈಯ ಲವಣಾಂಶಕ್ಕೆ ಸರಿಹೊಂದಿಸಿದ ನೀರು, ಕೆಟ್ಟ ಚರ್ಮದಿಂದ ಲವಣ ಸೋರುವುದನ್ನು ತಗ್ಗಿಸುತ್ತದೆ. ಆಸ್ಪತ್ರೆಯಲ್ಲಿ ಮನುಷ್ಯರಿಗೆ ಹಾಕುವ ರಿಂಗರ್ ಬಾಟಲಿಯ ಪ್ರಮಾಣ ಬೇರೆ, ಅದನ್ನು ಹಾಗೇ ಬಳಸಬಾರದು.

ಹಂತ 7: ಟ್ಯಾಂಕ್ ಶುದ್ಧ ಮಾಡುವುದು

ಮಣ್ಣು, ಪಾಚಿ, ಮರದ ತುಂಡು, ಸ್ಪಂಜು ಎಲ್ಲವನ್ನೂ ಚೀಲದಲ್ಲಿ ಗಂಟು ಕಟ್ಟಿ ಬಿಸಾಡಿ. ಗಾಜು, ಪ್ಲಾಸ್ಟಿಕ್‌ಗಳನ್ನು ಮೊದಲು ಉಜ್ಜಿ ತೊಳೆಯಿರಿ, ಕೊಳೆಯ ಮೇಲೆ ಬ್ಲೀಚ್ ಕೆಲಸ ಮಾಡದು. ನಂತರ ಮನೆಬಳಕೆಯ ದ್ರವ ಬ್ಲೀಚ್ ಒಂದು ಪಾಲು, ನೀರು ಒಂಬತ್ತು ಪಾಲು ಸೇರಿಸಿ ಹತ್ತು ನಿಮಿಷಕ್ಕಿಂತ ಹೆಚ್ಚು ನೆನೆಸಿ, ವಾಸನೆ ಪೂರ್ತಿ ಹೋಗುವವರೆಗೆ ತೊಳೆದು ಒಣಗಿಸಿ. ಕೈಟ್ರಿಡ್ ಪೂರ್ತಿ ಒಣಗಿದರೆ ಸಾಯುತ್ತದೆ, ಆದರೆ ಆಷಾಢದಲ್ಲಿ ನಮ್ಮ ಜಗಲಿಯಲ್ಲಿ ಏನೂ ಪೂರ್ತಿ ಒಣಗುವುದಿಲ್ಲ. ಫ್ಯಾನಿನಡಿ ಇಟ್ಟು ಒಣಗಿಸಿ. ಮೈಕೊಬ್ಯಾಕ್ಟೀರಿಯಾ ಖಚಿತವಾಗಿದ್ದರೆ ಬ್ಲೀಚ್ ನಂಬಬೇಡಿ, ಸಾಮಾನುಗಳನ್ನೇ ಬಿಡುವುದು ಕ್ಷೇಮ.

ಟ್ಯಾಂಕಿನ ನೀರನ್ನು ಅಂಗಳಕ್ಕೋ ತೋಡಿಗೋ ಚೆಲ್ಲಬಾರದು. ಬ್ಲೀಚ್ ಬೆರೆಸಿ ಒಂದು ಗಂಟೆ ಬಿಟ್ಟು ಶೌಚದ ಗುಂಡಿಗೆ ಹೋಗುವ ಕೊಳವೆಗೆ ಸುರಿಯಿರಿ. ಹೊಸ ಪ್ರಾಣಿ ತಂದರೆ ಕನಿಷ್ಠ 30 ದಿನ, ಸಾಧ್ಯವಾದರೆ 60 ದಿನ ಬೇರೆ ಕೋಣೆಯಲ್ಲಿ ಇಟ್ಟು ನೋಡಿ.

ಹಂತ 8: ಬಿಡುವುದೂ ಇಲ್ಲ, ಹಿಡಿಯುವುದೂ ಇಲ್ಲ

ಗುಣವಾಗಲಿಲ್ಲವೆಂದು ಪ್ರಾಣಿಯನ್ನು ಗದ್ದೆಗೆ, ಕೆರೆಗೆ ಬಿಡುವವರಿದ್ದಾರೆ. ದಯವಿಟ್ಟು ಬೇಡ. ಮಂಗಳೂರಿನ ಅಡ್ಯಾರಿನಲ್ಲಿ ಕಂಡು 2009ರಲ್ಲಿ ಹೆಸರು ಪಡೆದ ಯೂಫ್ಲಿಕ್ಟಿಸ್ ಅಲೋಶಿಯೈ, ಮಂಗಳೂರಿನಲ್ಲೇ ಪತ್ತೆಯಾಗಿ 2018ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಮೈಕ್ರೊಹೈಲಾ ಕೊಡಿಯಾಲ್ ಎಂಬ ಪುಟ್ಟ ಕಪ್ಪೆ, ಇವು ನಮ್ಮ ನೆರೆಯಲ್ಲೇ ಇರುವ ಜೀವಗಳು. ಪೂರ್ವಕ್ಕೆ ಒಂದೆರಡು ಗಂಟೆಯ ದಾರಿಯಲ್ಲಿ ಪಶ್ಚಿಮ ಘಟ್ಟ ಇದೆ, ಬೇರೆಲ್ಲೂ ಸಿಗದ ಎಷ್ಟೋ ಕಪ್ಪೆಗಳ ಮನೆ. ಘಟ್ಟದ ಕಪ್ಪೆಗಳಲ್ಲಿ ಕೈಟ್ರಿಡ್ ಈಗಾಗಲೇ ದಾಖಲಾಗಿದೆ. ಬೇರೆ ಖಂಡದ ತಳಿಯೊಂದನ್ನು ನಾವು ತೋಡಿನ ಮೂಲಕ ಅಲ್ಲಿಗೆ ಸೇರಿಸುವುದು ಬೇಡ.

ಗದ್ದೆಯ ಕಪ್ಪೆಯನ್ನು ಹಿಡಿದು ತಂದು ಟ್ಯಾಂಕಿನಲ್ಲಿಡುವುದೂ ಬೇಡ. ದೊಡ್ಡ ಹಳದಿ ಗೂಳಿಗಪ್ಪೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿದೆ. ಆಕ್ಸೊಲಾಟ್ಲ್ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ (ಸೈಟಿಸ್) ಎರಡನೆಯ ಪಟ್ಟಿಗೆ ಸೇರಿದೆ, ಸಾಕುವವರು 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ನೋಂದಣಿ ಇಲ್ಲವೆಂದು ಹೆದರಿ ವೈದ್ಯರಿಗೆ ತೋರಿಸದೆ ಉಳಿಯಬೇಡಿ, ಎರಡನ್ನೂ ಮಾಡಿ.

ಪ್ರಾಣಿ ಸತ್ತರೆ ಕೂಡಲೇ ಚೀಲದಲ್ಲಿ ಹಾಕಿ ಫ್ರಿಜ್ಜಿನ ಕೆಳಭಾಗದಲ್ಲಿ, ಆಹಾರಕ್ಕೆ ತಾಗದಂತೆ ಮುಚ್ಚಿದ ಡಬ್ಬಿಯೊಳಗೆ ಇಡಿ. ಉಭಯವಾಸಿಯ ದೇಹ ಬಹಳ ಬೇಗ ಕೊಳೆಯುತ್ತದೆ, ಆದರೆ ಫ್ರೀಜರಿನಲ್ಲಿ ಇಟ್ಟರೆ ಅಂಗಾಂಶಗಳು ಒಡೆದು ಸೂಕ್ಷ್ಮದರ್ಶಕದಲ್ಲಿ ಏನೂ ತಿಳಿಯದಂತಾಗುತ್ತದೆ. ಒಂದು ದಿನದೊಳಗೆ ವೈದ್ಯರಿಗೆ ತಲುಪಿಸಿ ಮರಣೋತ್ತರ ಪರೀಕ್ಷೆ ಕೇಳಿ, ಉಳಿದ ಪ್ರಾಣಿಗಳಿಗೆ ಏನು ಮಾಡಬೇಕೆಂಬುದು ಅದರಿಂದಲೇ ಗೊತ್ತಾಗುವುದು. ಪರೀಕ್ಷೆ ಬೇಡವೆಂದಾದರೆ ಬಾವಿಯಿಂದ, ತೋಡಿನಿಂದ ದೂರ, ಮಳೆನೀರು ನಿಲ್ಲದ ಜಾಗದಲ್ಲಿ, ನಾಯಿ ಅಗೆಯಲಾರದಷ್ಟು ಆಳದಲ್ಲಿ ಸುಣ್ಣ ಹಾಕಿ ಹೂಳಿ.